ಖುರ್ಷಿದಾಳ ಎರಡನೇ ಬುಗುರಿ

ಚನ್ನಪಟ್ಟಣದ ಪೇಟೆ ಹಿಂದಿನ ಓಣಿಯಲ್ಲಿ ಖುರ್ಷಿದಾ ನಗಲು ಶುರುಮಾಡಿದರೆ ಆಚೆ ಓಣಿಯ ಕೋಳಿಗಳು ಕತ್ತೆತ್ತಿ ನೋಡುತ್ತಿದ್ದವು. ಅದು ಸೆರಗು ಅಡ್ಡ ಹಿಡಿದು ಮುಗಿಸುವ ನಗುವಲ್ಲ. ಹೊಟ್ಟೆಯೊಳಗೆಲ್ಲೋ ಹುಟ್ಟಿ, ಭುಜಗಳನ್ನು ಕುಲುಕಿಸಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಅವಳನ್ನು ಯಾವುದಾದರೂ ಗೋಡೆಗೆ ಒರಗಿಸಿಯೇ ಬಿಡುವ ನಗು. ತನ್ನ ನಿಕಾಹ್ ದಿನ ಹಿರಿಯರು ಒಪ್ಪಿಗೆ ಕೇಳಲು ಬಂದಾಗಲೂ ಅವಳಿಗೆ ಹಾಗೇ ಆಗಿತ್ತು. ಅವರಲ್ಲೊಬ್ಬರ ಗಡ್ಡದಲ್ಲಿ ಒಂದೇ ಒಂದು ಬೂಂದಿ ಕಾಳು ಸಿಕ್ಕಿಕೊಂಡು ಅವರು ಮಾತಾಡಿದಾಗಲೆಲ್ಲ ಕುಣಿಯುತ್ತಿತ್ತು. ಹುಡುಗಿ ಅಳುತ್ತಿದ್ದಾಳೆಂದು ತಿಳಿದು ಅವರು ಸಮಾಧಾನ ಹೇಳಲು ಬಗ್ಗಿದರು. ಕಾಳು ಇನ್ನೂ ಹತ್ತಿರ ಬಂತು. ಒಪ್ಪಿಗೆಯ ಮಾತು ಹೊರಡಲು ಕಾಲು ಗಂಟೆ ಹಿಡಿಯಿತು.

ಕೈಗೆ ಮಾತ್ರ ಆ ನಗು ಇಳಿಯುತ್ತಿರಲಿಲ್ಲ. ಉಳಿ ಹಿಡಿದರೆ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಮೋಟಾರು ಹಾಕಿ, ಉಳಿ ತಾಗಿಸಿದರೆ ಬಿಳಿ ಸುರುಳಿಗಳು ಮಡಿಲ ತುಂಬ ಬೀಳುತ್ತಿದ್ದವು. ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ಮೇಲೆ ಒಣ ತಾಳೆಗರಿ ಆಡಿಸಿದರೆ ಮುಖ ಕಾಣುವಷ್ಟು ಹೊಳಪು. ಗೊಂಬೆ, ಗಿಲಕಿ, ಬಳೆ ಎಲ್ಲವನ್ನೂ ಮಾಡುತ್ತಿದ್ದಳು. ಆದರೆ ಬುಗುರಿಯಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಅವಳ ಬುಗುರಿ ತಿರುಗತೊಡಗಿದರೆ ತಿರುಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನೆಟ್ಟಗೆ ನಿಲ್ಲುತ್ತಿತ್ತು.

ಈ ವಿದ್ಯೆ ಕೊಟ್ಟವರು ಅವಳ ಅಪ್ಪ ಅಮೀರ್ ಸಾಬರು. ಅವರದೊಂದು ಪದ್ಧತಿ ಇತ್ತು. ಕಲಿಯಲು ಬಂದವರು ಯಾರೇ ಆಗಲಿ, ಮೊದಲ ತಿಂಗಳು ಮರ ಮುಟ್ಟುವಂತಿಲ್ಲ. ಲೇತಿನ ಎದುರಿಗೆ ಹಲಸಿನ ಹಲಗೆಯ ಒಂದು ಮಣೆ. ಅದರ ಮೇಲೆ ಕೂತು ನೋಡಬೇಕು, ಅಷ್ಟೆ. ತಿಂಗಳು ತುಂಬಿದ ದಿನ ಸಾಬರು ಒಂದು ಬುಗುರಿಯನ್ನು ನೆಲಕ್ಕೆ ಬಿಟ್ಟು ಕೇಳುತ್ತಿದ್ದರು:

"ಏನು ನೋಡಿದೆ?"

"ಬುಗುರಿ ನೋಡಿದೆ ಉಸ್ತಾದ್."

"ಬುಗುರಿ ನಿನ್ನ ನೋಡಿತಾ?"

ಇಲ್ಲ ಎಂದವರಿಗೆ ಉಳಿ ಸಿಗುತ್ತಿತ್ತು. ಒಂಬತ್ತು ವರ್ಷದ ಖುರ್ಷಿದಾ ಮಾತ್ರ ಆ ಪ್ರಶ್ನೆ ಕೇಳಿ ಬುಗುರಿಯ ಮುಂದೆ ಬೋರಲು ಮಲಗಿ, ಅದರ ಮುಖ ಎಲ್ಲಿದೆ ಎಂದು ಎಲ್ಲ ಕಡೆಯಿಂದ ಪರೀಕ್ಷಿಸಿ, ಆಮೇಲೆ ಬಿಕ್ಕಳಿಕೆ ಬರುವವರೆಗೆ ನಕ್ಕಿದ್ದಳು. ಇಷ್ಟು ವರ್ಷದಲ್ಲಿ "ಹೂಂ, ನೋಡಿತು" ಎಂದವನು ಒಬ್ಬನೇ. ಅವನು ಶುಕೂರ್. ಪಾಪ, ಅವನು ಇಡೀ ತಿಂಗಳು ಬುಗುರಿಯ ಕಡೆ ಕಣ್ಣು ಹಾಯಿಸಿದವನೇ ಅಲ್ಲ. ಲೇತಿನ ಹಿಂದಿನ ಪರದೆಯ ಸಂದಿಯನ್ನೇ ನೋಡುತ್ತಿದ್ದ. ಸಂದಿಯ ಆಚೆಯಿಂದ ಖುರ್ಷಿದಾ ಅವನನ್ನು ನೋಡುತ್ತಿದ್ದಳು. ಅವನ ಉತ್ತರದಲ್ಲಿ ಸುಳ್ಳೇನಿರಲಿಲ್ಲ. ಅಮೀರ್ ಸಾಬರು ಅವನನ್ನು ಇನ್ನೂ ಒಂದು ವಾರ ಮಣೆಯ ಮೇಲೆ ಕೂರಿಸಿದರು. ಎರಡು ವರ್ಷ ಕಳೆದು ಮಗಳನ್ನು ಕೊಟ್ಟರು. ಸಾಯುವಾಗ ಲೇತನ್ನೂ ಮಣೆಯನ್ನೂ ಮಗಳಿಗೇ ಬಿಟ್ಟುಹೋದರು.

ಇದೆಲ್ಲ ಹಳೆಯ ಮಾತು. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಓಣಿಯಲ್ಲಿ ಲೇತಿನ ಸದ್ದು ಮೂರೇ ಮನೆಗಳಿಗೆ ಇಳಿದಿತ್ತು. ಬೆಳಗಾದರೆ ಗಂಡಸರು ನೀಲಿ ಶರ್ಟು ತೊಟ್ಟು ಬಿಡದಿಯ ಕಾರ್ಖಾನೆಗಳಿಗೆ ರೈಲು ಹತ್ತುತ್ತಿದ್ದರು. ಶುಕೂರನೂ ಉಳಿ ಕೆಳಗಿಟ್ಟು ಎರಡು ವರ್ಷವಾಗಿತ್ತು. ಮಗಳು ನಿಖಾತ್ ಮದುವೆಯಾಗಿ ಕುದೂರಿಗೆ ಹೋಗಿದ್ದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮುಂದಿನ ಕೋಣೆಯಲ್ಲಿ ಲೇತು.

ಮನೆಯೊಳಗೆ ಅವರು ಆಡುವುದು ಉರ್ದು. ಜಗಳ ಬಂದರೆ ಮಾತ್ರ ಓಣಿಗೆಲ್ಲ ಅರ್ಥವಾಗಲೆಂದು ಕನ್ನಡ. ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಶುಕೂರ್ ಕನ್ನಡದಲ್ಲಿ ಮಾತು ತೆಗೆದಾಗಲೇ ಅವಳಿಗೆ ಗೊತ್ತಾಯಿತು, ಏನೋ ಇದೆ ಎಂದು.

"ಖುರ್ಷಿದಾ, ಮುಂದಿನ ರೂಮು ಖಾಲಿ ಮಾಡ್ಬೇಕು. ನಮ್ಮ ಫ್ಯಾಕ್ಟ್ರಿ ಇಬ್ರು, ಮಾಗಡಿ ಕಡೆಯೋರು, ಬಾಡಿಗೆಗೆ ಬತ್ತಾರೆ. ಶುಕ್ರವಾರ ನಮಾಜು ಆದ್ಮೇಲೆ ಟ್ರಂಕು ತತ್ತಾರೆ. ಮಾತು ಕೊಟ್ಬುಟ್ಟಿದೀನಿ."

"ಲೇತು?"

"ಗುಜರಿ ಸಮದ್ ಬಂದು ಎತ್ಕೊಂಡೋಗ್ತಾನೆ. ಪ್ಲಾಸ್ಟಿಕ್ ಬಂದ್ಮೇಲೆ ಯಾರಿಗೆ ಬೇಕು ಈ ಬುಗುರಿ? ಹೋದ ತಿಂಗ್ಳು ಒಂದಾದ್ರೂ ಆರ್ಡ್ರು ಬಂತಾ?"

ಬಂದಿರಲಿಲ್ಲ. ಎದುರು ಮನೆಯ ಚಿಕ್ಕಲಕ್ಷ್ಮಮ್ಮ ಎಮ್ಮೆಯ ಮೈ ತೊಳೆಯುತ್ತ ಅಲ್ಲಿಂದಲೇ ಕೂಗಿದಳು:

"ಲೇ ಶುಕೂರಪ್ಪ, ಆ ಗಂಡುಗಳನ್ನ ನಮ್ಮನೆ ಮ್ಯಾಲಿನ ರೂಮ್ಗೆ ಕಳ್ಸೋ. ಖಾಲಿ ಬಿದ್ದೈತೆ."

"ಎಮ್ಮೆ ವಾಸ್ನೆ ಅಂತಾರೆ ಕಣಕ್ಕ ಅವ್ರು."

"ನಾನೇನು ಎಮ್ಮೆ ಮ್ಯಾಲೆ ಹಾಸಿಗೆ ಹಾಕ್ಕೊಡ್ತೀನಿ ಅಂದ್ನಾ?"

ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಖುರ್ಷಿದಾ ಗೋಡೆಗೆ ಒರಗಬೇಕಿತ್ತು. ಅವಳು ನಗಲಿಲ್ಲ. ಅದನ್ನು ಕಂಡು ಶುಕೂರನಿಗೇ ಹೆದರಿಕೆಯಾಯಿತು. ದನಿ ತಗ್ಗಿಸಿ, "ಶುಕ್ರವಾರದೊಳಗೆ ಒಂದು ದೊಡ್ಡ ಆರ್ಡ್ರು ಬಂದ್ರೆ ಲೇತು ಇರ್ಲಿ. ಇಲ್ದಿದ್ರೆ ಮಂಚ. ಸರಿನಾ?" ಎಂದ. ಅವಳು ತಲೆಯಾಡಿಸಿದಳು. ಲೇತು ಹೋದರೆ ಈ ಮನೆಯಲ್ಲಿ ತಾನು ಎಲ್ಲಿ ಕೂರಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ.

ಅವತ್ತೇ ಮಧ್ಯಾಹ್ನ ಓಣಿಗೆ ಒಂದು ಸ್ಕೂಟರು ಬಂತು. ಮುಂದೆ, ಕನಕಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಬಾಲರಾಜು ಮೇಷ್ಟ್ರು. ಹಿಂದೆ, ಕೆಂಪು ಕಾವಿಯ ನಿಲುವಂಗಿಯನ್ನು ಮಂಡಿಯ ಕೆಳಗೆ ಮುದುರಿ ಹಿಡಿದುಕೊಂಡ, ಬೋಳು ತಲೆಯ, ದುಂಡು ಮುಖದ ಒಬ್ಬ ಟಿಬೆಟನ್ ಬೌದ್ಧ ಸನ್ಯಾಸಿ. ಹೆಸರು ಜಂಪಾ.

"ನಮಸ್ಕಾರ ಅಕ್ಕಾ. ಗಾಬರಿ ಬೇಡ, ನಾನು ಬೈಲಕುಪ್ಪೆಯಲ್ಲಿ ಹುಟ್ಟಿದವನು. ಜೋಳದ ಹೊಲದಲ್ಲಿ ಓಡಾಡಿ ಕನ್ನಡ ಕಲಿತವನು," ಎಂದರು ಅವರು. ಹಾಗೆನ್ನುವಾಗಲೇ ನಕ್ಕುಬಿಟ್ಟರು. ಖುರ್ಷಿದಾ ತಲೆಯೆತ್ತಿ ನೋಡಿದಳು. ಹೊಟ್ಟೆಯಿಂದ ಹುಟ್ಟಿ ಭುಜ ಕುಲುಕಿಸುವ ಅಂಥದೇ ನಗು ಇನ್ನೊಬ್ಬರಲ್ಲಿ ಇರುವುದನ್ನು ಅವಳು ಕಂಡದ್ದು ಅದೇ ಮೊದಲು.

ಮೇಷ್ಟ್ರು ವಿಷಯ ಹೇಳಿದರು. ಬಿಡದಿ ಕೈಗಾರಿಕಾ ಪ್ರದೇಶದ ಪಕ್ಕದ ಒಂದು ಶಾಲೆಯಲ್ಲಿ ಮುಂದಿನ ವಾರದಿಂದ ಬೇಸಿಗೆ ಶಿಬಿರ. ಕಾರ್ಖಾನೆ ಕೆಲಸದವರ ಅರವತ್ತು ಮಕ್ಕಳು. "ಜಡ ಅಂದ್ರೇನು ಅಂತ ನಾನು ಹೇಳ್ಕೊಡ್ತೀನಿ. ಮನಸ್ಸು ಅಂದ್ರೇನು ಅಂತ ಇವ್ರು ಹೇಳ್ಕೊಡ್ತಾರೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಇಬ್ರೂ ಸೇರಿ ಜಗಳ ಆಡ್ತೀವಿ. ಮಕ್ಳ ಕೈಗೆ ಕೊಡೋಕೆ ಜೊತೆ ಬುಗುರಿ ಬೇಕು ಕಣಮ್ಮ. ಒಂದು ಜಡದ್ದು, ಒಂದು ಮನಸ್ಸಿಂದು. ಅರವತ್ತು ಜೊತೆ. ಗುರುವಾರದೊಳಗೆ ಮಾದರಿ ಒಪ್ಪಿಗೆ ಆಗ್ಬುಟ್ರೆ ಕೆಲ್ಸ ಪೂರ್ತಿ ನಿಮಗೇ."

ಖುರ್ಷಿದಾ ಲೇತು ಹಾಕಿದಳು. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಕೆಂಪು ಅರ್ಧ ಹಳದಿಯ ಬುಗುರಿ ನೆಲದ ಮೇಲೆ ತಿರುಗುತ್ತಿತ್ತು. ತಿರುಗುವಾಗ ಕೆಂಪೂ ಇಲ್ಲ, ಹಳದಿಯೂ ಇಲ್ಲ; ಬರೀ ಕಿತ್ತಳೆ. ಬೆರಳಿಟ್ಟು ನಿಲ್ಲಿಸಿದರೆ ಕಿತ್ತಳೆ ಮಾಯ.

ಮೇಷ್ಟ್ರು ಹುಡುಗನಂತೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಇದೇ! ಇದೇ ಬೇಕಾಗಿದ್ದು! ಅಣುವಿಗಿಂತ ಚಿಕ್ಕ ಕಣಕ್ಕೂ ಒಂದು ತಿರುಗು ಅಂತ ಐತೆ. ನಿಮ್ಮ ಬುಗುರಿ ಒಸಿ ಓರೆಯಾಗಾದ್ರೂ ನಿಲ್ಲುತ್ತೆ. ಅದಕ್ಕೆ ಆ ದಾರಿನೇ ಇಲ್ಲ. ಯಾವ ಕಡೆ ಅಂತ ಕೇಳಿದ್ರೆ ಮೇಲೆ ಅನ್ನುತ್ತೆ ಇಲ್ಲ ಕೆಳಗೆ ಅನ್ನುತ್ತೆ. ಕೇಳೋವರೆಗೂ ಎರಡರಲ್ಲಿ ಯಾವ್ದೂ ಗೊತ್ತಾಗಿರಲ್ಲ. ನಮಗೆ ಗೊತ್ತಿಲ್ಲ ಅಂತಲ್ಲಮ್ಮ, ಅದಕ್ಕೇ ಗೊತ್ತುಪಾಡಿಲ್ಲ!"

"ಎರಡನೇದು ಹೇಳಿ," ಎಂದಳು ಖುರ್ಷಿದಾ ಜಂಪಾ ಗುರುಗಳ ಕಡೆ ತಿರುಗಿ. "ಮನಸ್ಸಿನ ಬುಗುರಿ ಹೆಂಗಿರ್ಬೇಕು?"

"ಅದಕ್ಕೆ ಆಕಾರ ಇಲ್ಲ ಅಕ್ಕಾ."

"ಬಣ್ಣ?"

"ಇಲ್ಲ."

"ತೂಕ?"

"ಇಲ್ಲ."

"ಮತ್ತೆ ಏನೈತೆ ಗುರುಗಳೇ?"

"ತಿಳಿಯುತ್ತೆ. ಅಷ್ಟೆ."

"ಆಯ್ತು, ಸೈಜು ಹೇಳಿ," ಎಂದಳು ಖುರ್ಷಿದಾ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಗುರುಗಳೂ ಅವಳೂ ಎದುರು ಬದುರು ಗೋಡೆಗಳಿಗೆ ಒರಗಿದ್ದರು. ಆಚೆ ಓಣಿಯ ಕೋಳಿಗಳು ಎರಡೆರಡು ಸಲ ಕತ್ತೆತ್ತಿದವು.

ಅವರು ಹೋದ ಮೇಲೆ ನಗು ಇಳಿದು ಯೋಚನೆ ಹತ್ತಿತು. ಇಡೀ ಭಾನುವಾರ ಅವಳು ಸಿಕ್ಕಿದವರನ್ನೆಲ್ಲ ಕೇಳಿದಳು. ಚಿಕ್ಕಲಕ್ಷ್ಮಮ್ಮ, "ಮನಸ್ಸಾ? ನಮ್ಮ ಎಮ್ಮೆಗೈತೆ ನೋಡು. ನಾನು ಕರೆದ್ರೆ ಹಾಲು, ಸೊಸೆ ಕರೆದ್ರೆ ಒದೆ," ಎಂದಳು. ಶುಕೂರ್, "ನನ್ನ ಮನಸ್ಸು ಅಳತೆ ಟೇಪು ಎಲ್ಲೋಯ್ತು ಅಂತ ಹುಡುಕ್ತಾ ಐತೆ, ಕಂಡ್ರೆ ಹೇಳು," ಎಂದ. ಮಂಚ ಹಿಡಿಯುತ್ತದೋ ಇಲ್ಲವೋ ಎಂದು ಅವನು ಆಗಲೇ ಕೋಣೆಯನ್ನು ಅಳೆಯಲು ಹೊರಟಿದ್ದ.

ಕೊನೆಗೆ ಅವಳಿಗೆ ಹೊಳೆದದ್ದು, ಲೇತಿನ ಮುಂದೆ ಬಾಳಿದವರಿಗೆ ಮಾತ್ರ ಹೊಳೆಯುವ ಮಾತು. ಮೈ ಅಂದರೆ ಮರ, ಮನಸ್ಸು ಅಂದರೆ ಅರಗು! ಬದುಕಿನ ತಿರುಗಾಟದ ಬಿಸಿಗೆ ಕರಗಿ ಮರಕ್ಕೆ ಹತ್ತಿಕೊಂಡ ಹೊಳಪು. ಹಾಗಾದರೆ ಬರೀ ಅರಗಿನ ಬುಗುರಿ ಮಾಡಿದರೆ ಅದೇ ಮನಸ್ಸು! ಬಣ್ಣವಿಲ್ಲದ ಅರಗನ್ನು ಉಂಡೆ ಕಟ್ಟಿ, ಬೆಳಕು ಹಾಯುವಂತೆ ತೆಳ್ಳಗೆ ಕಡೆದು, ಸೋಮವಾರ ಪುಶ್‌ಪುಲ್ ರೈಲು ಹತ್ತಿ ಬಿಡದಿಯ ಶಾಲೆಗೆ ಹೋದಳು.

ಜಂಪಾ ಗುರುಗಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಮೆಚ್ಚಿದರು. ಆಮೇಲೆ ಒಂದು ಕಾಲು ಎತ್ತಿ ನೆಲಕ್ಕೆ ಅಪ್ಪಳಿಸಿ, ಅದೇ ಹೊತ್ತಿಗೆ ಅಂಗೈಗಳನ್ನು ಫಟಾರನೆ ತಟ್ಟಿ, "ಅರಗಿಗೆ ಮರ ಗೊತ್ತಾ?" ಎಂದು ಕೂಗಿದರು. ಖುರ್ಷಿದಾ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹೆದರ್ಬೇಡಿ ಅಮ್ಮ. ಅವ್ರ ಮಠದಲ್ಲಿ ವಾದ ಮಾಡೋ ರೀತಿನೇ ಅದು," ಎಂದರು ಮೇಷ್ಟ್ರು. "ನನಗೂ ಮೊದ್ಲು ಎದೆ ಹಾರೋಯ್ತಿತ್ತು."

"ಅರಗು ಗೀರಿದರೆ ಉಗುರಿಗೆ ಬರುತ್ತೆ, ಮೂಸಿದರೆ ಮೂಗಿಗೆ ಬರುತ್ತೆ," ಎಂದರು ಗುರುಗಳು ಮೆಲ್ಲಗೆ. "ಎಷ್ಟು ತೆಳ್ಳಗಾದರೂ ಅದು ಒಂದು ವಸ್ತು. ಮನಸ್ಸು ಮೈಗೆ ಬಳಿದ ಬಣ್ಣ ಅಲ್ಲ ಅಕ್ಕಾ. ಮಡಕೆ ಮಾಡೋಕೆ ಮಣ್ಣು ಬೇಕು. ಕುಂಬಾರ, ತಿಗರಿ ಎಲ್ಲಾ ಸಹಾಯಕ್ಕೆ. ಮನಸ್ಸಿಗೆ ಮಣ್ಣು ಯಾವುದು ಗೊತ್ತಾ? ಹಿಂದಿನ ಗಳಿಗೆಯ ಮನಸ್ಸೇ. ಮೈ ಅನ್ನೋದು ತಿಗರಿ ಹಾಗೆ, ಸಹಾಯಕ್ಕೆ ಇರುತ್ತೆ."

ಅವಳು ಹೊರಡುವ ಮುಂಚೆ ಮೇಷ್ಟ್ರು ಪಾಠದ ಅಭ್ಯಾಸ ಮಾಡುತ್ತಿದ್ದರು. "ಅಲ್ಲೀವರೆಗೂ ಗೊತ್ತುಪಾಡಿಲ್ಲದ್ದು, ನೋಡಿದ ತಕ್ಷಣ ಒಂದು ಕಡೆಗೆ ನಿಂತ್ಕೊಳುತ್ತೆ," ಎಂಬ ಒಂದು ಮಾತು ಖುರ್ಷಿದಾಳ ಕಿವಿಗೆ ಬಿತ್ತು. ರೈಲಿನಲ್ಲಿ ಆ ಮಾತು ಅವಳ ತಲೆಯೊಳಗೆ ಗಿರಗಿರನೆ ತಿರುಗಿತು. ನೋಡಿದರೆ ಮಾತ್ರ ಆಗುವುದಾದರೆ, ನೋಡದಿದ್ದರೆ?

ಮಂಗಳವಾರ ಬೆಳಗ್ಗೆ ಅವಳು ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಬೆನ್ನು ತಿರುಗಿಸಿ ನಿಂತಳು. ಯಾರೂ ನೋಡದಿದ್ದರೆ ಹಾಲು ಉಕ್ಕಬಾರದು. ಹಾಲು ಉಕ್ಕಿ ಒಲೆ ಆರಿತು. ಚಿಕ್ಕಲಕ್ಷ್ಮಮ್ಮ ಕಿಟಕಿಯಲ್ಲಿ ಇಣುಕಿ, "ನನ್ನೆಮ್ಮೆ ಹಾಲು ಕಣೇ ಅದು! ಕಣ್ಣು ಎಲ್ಲಿಟ್ಕೊಂಡಿದ್ದೆ?" ಎಂದು ಕೂಗಿದಾಗ ಖುರ್ಷಿದಾಗೆ ಪುಕ್ಕಟೆ ಸಮಾಧಾನ ಸಿಕ್ಕಿತು: ಅಲ್ಲಿ ಇವಳು ನೋಡುತ್ತಿದ್ದಳಲ್ಲ! ಹಾಗಾಗಿ ಉಕ್ಕಿದೆ. ಕದ ಹಾಕಿ, ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು, ಕೈಯ ಅಂದಾಜಿನ ಮೇಲೆಯೇ ಒಂದು ಬುಗುರಿ ಕಡೆದಳು. ಮೂವತ್ತು ವರ್ಷ ಪಳಗಿದ ಕೈ; ಉಗುರಿನ ತುದಿ ಒಂದು ಹೋದದ್ದು ಬಿಟ್ಟರೆ ಏನೂ ಆಗಲಿಲ್ಲ. ಯಾರೂ ನೋಡದಂತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬಿಡದಿಗೆ ಒಯ್ದು, "ಇದನ್ನ ನಾನೂ ನೋಡಿಲ್ಲ. ಬಿಚ್ಚಿ ನೋಡಿದೋರ ಮನಸ್ಸು ಹೆಂಗೈತೋ ಹಂಗೆ ಕಾಣುತ್ತೆ," ಎಂದು ಮೇಷ್ಟ್ರ ಮುಂದಿಟ್ಟಳು.

ಮೇಷ್ಟ್ರು ಬಿಚ್ಚಿದರು. ಒಳಗಿದ್ದದ್ದು ಬದನೆಕಾಯಿಯಂತೆ ಒಂದು ಪಕ್ಕ ಊದಿಕೊಂಡ ಬುಗುರಿ. ಬಿಟ್ಟರೆ ಕುಡಿದವನಂತೆ ಕೋಣೆಯ ತುಂಬ ಓಲಾಡಿ ಗುರುಗಳ ಪಾದದ ಮೇಲೆ ಬಿತ್ತು. ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು:

"ತಪ್ಪು ನಂದು. ನೋಡೋದು ಅಂತ ಅಂದೆ, ನೀವು ಕಣ್ಣು ಅಂದ್ಕೊಂಡ್ರಿ. ಪೇಪರಿನೋರೂ ಹಿಂಗೇ ಅಂದ್ಕೊಂಡು ಏನೇನೋ ಬರೀತಾರೆ. ಕತ್ತಲೆ ರೂಮಲ್ಲಿ ಬುಗುರಿ ತಿರುಗ್ತಾ ಐತಾ ಇಲ್ವಾ ಅಂತ ತಿಳ್ಕೊಳಕ್ಕೆ ಏನ್ಮಾಡ್ತೀರಿ? ಬೆರಳು ಹಾಕ್ತೀರಿ. ನಮ್ಮಲ್ಲಿ ಆ ಬೆರಳು ಅಂದ್ರೆ ಒಂದು ಯಂತ್ರ. ಯಾರೂ ಇಲ್ದೇ ಇರೋ ರೂಮಲ್ಲಿ ಯಂತ್ರ ಒಂದು ಗುರುತು ಹಾಕಿದ್ರೂ ಸಾಕು, ಕಣ ಒಂದು ಕಡೆಗೆ ನಿಂತಿರುತ್ತೆ. ಮನಸ್ಸು ಮುಟ್ಟಿದ್ದಕ್ಕೇ ಜಡ ಹಂಗೆ ನಿಲ್ಲುತ್ತೆ ಅಂತ ಯಾರೂ ತೋರಿಸಿಲ್ಲಮ್ಮ. ಇದ್ದುದ್ದು ಇದ್ದಂಗೆ ಹೇಳ್ಬೇಕಲ್ಲ."

ಬುಧವಾರ ಅವಳು ಒಯ್ದದ್ದು ಒಂದು ದುಂಡು ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಆಕಾರ ಇಲ್ಲ, ಬಣ್ಣ ಇಲ್ಲ, ತೂಕ ಇಲ್ಲ. ಈ ಸಲ ಗೆದ್ದೆ ಎಂದೇ ಅವಳು ಎದೆಯುಬ್ಬಿಸಿ ನಿಂತಿದ್ದಳು.

ಫಟಾರ್! "ಬರಿದು ತಿಳಿಯುತ್ತಾ?" ಎಂದು ಗುರುಗಳು ಕಾಲು ಅಪ್ಪಳಿಸಿದರು. "ಏನೂ ಇಲ್ಲದ್ದು ಮನಸ್ಸಲ್ಲ ಅಕ್ಕಾ. ಈ ಡಬ್ಬಿ ಬರಿದು ಅಂತ ಈಗ ಯಾರಿಗೆ ಗೊತ್ತಾಯ್ತು? ಡಬ್ಬಿಗೆ ಗೊತ್ತಾಯ್ತಾ?"

ಮಧ್ಯಾಹ್ನ ಅವಳು ಬೆವರುತ್ತ ಮನೆಗೆ ಬಂದಾಗ ಶುಕೂರನಿಗೆ ರಜೆ. ಅವನು ಮುಂದಿನ ಕೋಣೆಯ ನೆಲದ ಮೇಲೆ ಕೈ ಕಾಲು ಚಾಚಿ ಉದ್ದಕ್ಕೆ ಮಲಗಿದ್ದ. ಟೇಪು ಸಿಕ್ಕಿರಲಿಲ್ಲ, ಒಬ್ಬ ಮನುಷ್ಯ ಹಿಡಿಸುತ್ತಾನೋ ನೋಡುತ್ತಿದ್ದನಂತೆ. ಅವನ ತಲೆ ಲೇತಿನ ಕಾಲಿಗೆ ತಾಗಿತ್ತು, ಪಾದ ಹೊಸಿಲಿನ ಆಚೆ ಬಿಸಿಲಿನಲ್ಲಿತ್ತು.

"ಒಪ್ಪಿದ್ರಾ?" ಎಂದ ಮಲಗಿಕೊಂಡೇ.

"ಇಲ್ಲ. ನಾಳೆ ಒಂದೇ ದಿನ ಉಳಿದಿರೋದು."

ಅವನು ಎದ್ದು ಕೂತ. ಲೇತಿನ ಎದುರಿಗಿದ್ದ ಹಲಸಿನ ಮಣೆಯನ್ನು ಎಳೆದು ಅದರ ಮೇಲೆ ಕೂತ. ಖುರ್ಷಿದಾ ಸುಮ್ಮನಿರಲಾಗದೆ ಲೇತು ಹಾಕಿದಳು. ನಾಡಿದ್ದು ಈ ಸದ್ದು ಇರುವುದಿಲ್ಲ. ಒಂದು ಕೆಂಪು ಹಳದಿ ಬುಗುರಿ ಕಡೆದು ನೆಲಕ್ಕೆ ಬಿಟ್ಟಳು. ಅದು ನೆಟ್ಟಗೆ ನಿಂತು ಕಿತ್ತಳೆಯಾಯಿತು. ಶುಕೂರ್ ಮಣೆಯ ಮೇಲೆ ಮುಂದೆ ಬಗ್ಗಿ, ಗಲ್ಲಕ್ಕೆ ಕೈ ಕೊಟ್ಟು, ಅದನ್ನೇ ನೋಡುತ್ತಿದ್ದ. ಎರಡು ವರ್ಷದಿಂದ ಅವನು ಹಾಗೆ ಕೂತು ಒಂದು ಬುಗುರಿ ನೋಡಿದ್ದೇ ಇಲ್ಲ. ಅವಳ ಬಾಯಿಗೆ ಯೋಚನೆಯಿಲ್ಲದೆ ಅಪ್ಪನ ಮಾತು ಬಂತು.

"ಏನು ನೋಡ್ತಾ ಇದೀರಿ ಅಜೀ?"

"ಬುಗುರಿ."

"ಬುಗುರಿ ನಿಮ್ಮನ್ನ ನೋಡ್ತಾ ಐತಾ?"

ಶುಕೂರ್ ತಲೆಯೆತ್ತಿದ. ಅವನ ಮುಖ ಇಪ್ಪತ್ತೆರಡು ವರ್ಷ ಹಿಂದಿನ ಹುಡುಗನ ಹಾಗೆ ಕೆಂಪಾಯಿತು. "ನಿಮ್ಮಪ್ಪ ಈ ಒಂದು ಮಾತಿಗೆ ನನ್ನ ಇನ್ನೂ ಒಂದು ವಾರ ಕೂರಿಸಿದ್ರು," ಎಂದ. "ಬುಗುರಿ ನೋಡ್ಲಿಲ್ಲ. ನೀನು ನೋಡ್ತಿದ್ದೆ."

ಖುರ್ಷಿದಾಳ ಕೈ ಅಲ್ಲೇ ನಿಂತಿತು. ಅವಳು ಬುಗುರಿ ನೋಡಿದಳು. ಅದು ನೆಟ್ಟಗೆ, ಸುಂದರವಾಗಿ, ಯಾರನ್ನೂ ನೋಡದೆ ತಿರುಗುತ್ತಿತ್ತು. ಮಣೆ ನೋಡಿದಳು. ಮಣೆಯ ಮೇಲೆ ಕೂತವನನ್ನು ನೋಡಿದಳು. ಶನಿವಾರ ಬೆಳಗ್ಗೆ ಬಾರದೆ ಉಳಿದಿದ್ದ ನಗು ಆಗ ಬಂತು. ಅದು ಎಂಥ ನಗುವೆಂದರೆ ಚಿಕ್ಕಲಕ್ಷ್ಮಮ್ಮ ಕೈಯಲ್ಲಿದ್ದ ಸೆಗಣಿ ಸಮೇತ ಓಡಿಬಂದಳು.

"ಏನಾಯ್ತೋ ಶುಕೂರಪ್ಪ? ಹಾವು ಕಚ್ತಾ?"

"ಗೊತ್ತಿಲ್ಲ ಕಣಕ್ಕ," ಎಂದ ಶುಕೂರ್. "ನಾನು ಮಣೆ ಮ್ಯಾಲೆ ಕೂತಿದ್ದೆ, ಅಷ್ಟೇಯ."

"ಎದ್ದೇಳಿ!" ಎಂದಳು ಖುರ್ಷಿದಾ ಕಣ್ಣೊರೆಸಿಕೊಳ್ಳುತ್ತ. "ಎದ್ದೇಳಿ ಬೇಗ! ನೀವು ಮನಸ್ಸಿನ ಮ್ಯಾಲೆ ಕೂತಿದೀರಿ!"

ಗುರುವಾರ ಬೆಳಗಿನ ಪುಶ್‌ಪುಲ್ ರೈಲಿನಲ್ಲಿ ನೀಲಿ ಶರ್ಟಿನವರ ನಡುವೆ ಒಬ್ಬ ನೀಲಿ ಶರ್ಟಿನವನು ಹೆಗಲ ಮೇಲೆ ಹಲಸಿನ ಮಣೆ ಹೊತ್ತು ನಿಂತಿದ್ದ. "ಏನ್ಲಾ ಶುಕೂರಾ, ಫ್ಯಾಕ್ಟ್ರೀಲಿ ಮದ್ವೆ ಊಟನಾ?" ಎಂದು ಜೊತೆಯವರು ಕಿಚಾಯಿಸಿದರು. "ಸುಮ್ಕಿರ್ರಲಾ, ಇದು ಸೈನ್ಸು," ಎಂದ ಅವನು. ಕೆಲಸಕ್ಕೆ ಹೊತ್ತಾದರೂ ಶಾಲೆಯ ಬಾಗಿಲವರೆಗೆ ಹೊತ್ತು ತಂದು ಇಟ್ಟು ಓಡಿದ.

ಶಿಬಿರ ಅವತ್ತೇ ಶುರುವಾಗಿತ್ತು. ಹಾಲ್ ತುಂಬ ಅರವತ್ತು ಮಕ್ಕಳು, ಅರವತ್ತು ಗಲಾಟೆ. ಖುರ್ಷಿದಾ ನೆಲದ ನಡುವೆ ಬುಗುರಿ ಬಿಟ್ಟಳು. ಅದರ ಎದುರಿಗೆ ಮಣೆ ಹಾಕಿದಳು.

"ಇದು ಜಡದ್ದು. ಇದು ಎರಡನೇದು," ಎಂದಳು.

ಮೇಷ್ಟ್ರು ಮಣೆಯನ್ನು ಮಗುಚಿ ನೋಡಿದರು. "ಇದೂ ಮರಾನೇ ಅಲ್ವೇನಮ್ಮ?"

"ಮರಾನೇ. ಕೂತ್ಕೊಳಿ ಮೇಷ್ಟ್ರೇ."

ಅವರು ಕೂತರು.

"ಏನು ನೋಡ್ತಾ ಇದೀರಿ?"

"ಬುಗುರಿ."

"ಬುಗುರಿ ನಿಮ್ಮನ್ನ ನೋಡ್ತಾ ಐತಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬುಗುರಿಯ ಕಡೆ ಇನ್ನೂ ಬಗ್ಗಿದರು. ಖುರ್ಷಿದಾ ಕೈಮುಗಿದು ಹೇಳಿದಳು: "ಎರಡನೇ ಬುಗುರಿ ನಾನು ಮಾಡಕ್ಕಾಗಲ್ಲ. ಮಾಡಿದ್ರೆ ಅದೂ ನೋಡೋ ವಸ್ತುವೇ ಆಗ್ಬುಡುತ್ತೆ. ನೋಡೋದು ಕೂತ್ಕೊಳಕ್ಕೆ ಒಂದು ಜಾಗ ಮಾತ್ರ ಮಾಡ್ಬಲ್ಲೆ. ನೋಡೋದನ್ನ ಮಕ್ಳು ಅವ್ರವ್ರೇ ತತ್ತಾರೆ. ಅದು ನನ್ನ ಲೇತಿಂದಲ್ಲ, ಮೇಲಿನವನದು."

ಫಟಾರ್ ಎಂದು ಚಪ್ಪಾಳೆ ಬಂತು. ಖುರ್ಷಿದಾ ಕಣ್ಣು ಮುಚ್ಚಿದಳು. ಪ್ರಶ್ನೆ ಬರಲಿಲ್ಲ. ತೆರೆದು ನೋಡಿದರೆ ಜಂಪಾ ಗುರುಗಳು ಎತ್ತಿದ ಕಾಲನ್ನು ಇಳಿಸುವುದನ್ನೇ ಮರೆತು ಕೊಕ್ಕರೆಯಂತೆ ನಿಂತು ನಗುತ್ತಿದ್ದರು.

"ಮೇಲಿನವನ ವಿಷಯ ನಮ್ಮ ಪುಸ್ತಕದಲ್ಲಿ ಬೇರೆ ಥರ ಇದೆ ಅಕ್ಕಾ, ಅದಕ್ಕೆ ಇನ್ನೊಂದು ದಿನ ಜಗಳ ಆಡೋಣ," ಎಂದರು. "ನೋಡೋದು ವಸ್ತು ಅಲ್ಲ ಅನ್ನೋದು ಮಾತ್ರ ಪಕ್ಕಾ. ಆದರೆ ಮಕ್ಕಳೇ, ಒಳಗೆ ನೋಡೋನು ಅಂತ ಒಂದು ಗಟ್ಟಿ ಗೊಂಬೆ ಕಾಯಂ ಕೂತಿದೆ ಅಂದ್ಕೋಬೇಡಿ. ಬನ್ನಿ, ಸಾಲು ನಿಲ್ಲಿ! ಒಬ್ಬರು ಕೂತು, ನೋಡಿ, ಏಳಿ. ಎದ್ದ ತಕ್ಷಣ ಮುಂದಿನವರು. ಮಣೆ ಒಂದು ಚಣ ಖಾಲಿ ಇರಬಾರದು!"

ಆಮೇಲೆ ನಡೆದದ್ದನ್ನು ಪಾಠ ಎನ್ನುವುದು ಕಷ್ಟ. ಮಕ್ಕಳು ಕೂತರು, ಎದ್ದರು, ಓಡಿ ಸಾಲಿನ ಕೊನೆಗೆ ಹೋಗಿ ಮತ್ತೆ ಬಂದರು. ಕೂತು ಏಳುವ ವೇಗ ಹೆಚ್ಚುತ್ತ ಹೋಗಿ ಯಾವ ಮಗು ಕೂತಿದೆಯೆಂಬುದೇ ತಿಳಿಯದಾಯಿತು. ದೂರದಿಂದ ನೋಡಿದವರಿಗೆ ಮಣೆಯ ಮೇಲೆ ಒಂದೇ ಮಗು ಕುಣಿಯುತ್ತ ಕೂತಂತೆ ಕಾಣುತ್ತಿತ್ತು. "ಕೆಂಪು ಹಳದಿ ಸೇರಿ ಕಿತ್ತಳೆ ಆದಂಗೇ ಕಣ್ರೋ!" ಎಂದು ಮೇಷ್ಟ್ರು ಕೂಗುತ್ತಿದ್ದರು. "ಹಿಂದಿನವನು ಎದ್ದಿದ್ದಕ್ಕೇ ಮುಂದಿನವನು ಕೂತ!" ಎಂದು ಗುರುಗಳು ಕೂಗುತ್ತಿದ್ದರು. ಬುಗುರಿ ನಿಂತಾಗಲೆಲ್ಲ ಖುರ್ಷಿದಾ ಮತ್ತೆ ತಿರುಗಿಸಿ ಬಿಡುತ್ತಿದ್ದಳು. ಅವಳಿಗೆ ತಲೆ ಸುತ್ತುತ್ತಿತ್ತು, ನಗುವಿನಿಂದಲೋ ಓಡುವ ಮಕ್ಕಳಿಂದಲೋ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಮೇಷ್ಟ್ರು ಅವಳ ಪಕ್ಕ ಬಂದು ಕೂತರು. "ನನ್ನ ಯಂತ್ರ ಗುರುತು ಹಾಕುತ್ತೆ ಅಂದೆನಲ್ಲ," ಎಂದರು. "ಆ ಗುರುತು ಯಂತ್ರಕ್ಕೆ ಕಾಣುತ್ತಾ ಅಂತ ನಲವತ್ತು ವರ್ಷದಲ್ಲಿ ನಾನು ಕೇಳ್ಕೊಂಡಿರಲಿಲ್ಲ. ಕಾಣೋದು ಅನ್ನೋದೆಲ್ಲ ಮಿದುಳಿನ ಕೆಲ್ಸನೇ ಅನ್ನೋರು ಅವ್ರೆ. ಇರಬೌದು. ನನ್ನ ಪುಸ್ತಕ ಅಲ್ಲಿಗೆ ನಿಲ್ಲುತ್ತೆ." ಆಮೇಲೆ ಅನ್ನ ಕಲಸುತ್ತ, "ಅರವತ್ತು ಬುಗುರಿ, ಅರವತ್ತು ಮಣೆ. ಶಿಬಿರ ಮುಗಿಯೋ ದಿನ ಒಂದೊಂದು ಮಗೂಗೆ ಒಂದೊಂದು ಜೊತೆ," ಎಂದರು.

ಶುಕ್ರವಾರ ನಮಾಜು ಮುಗಿದ ಮೇಲೆ ಸಮದ್ ಕೈಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ಮಾಗಡಿ ಕಡೆಯ ಇಬ್ಬರೂ ಟ್ರಂಕು ಹೊತ್ತು ಅವನ ಹಿಂದೆಯೇ ಬಂದರು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಹಲಸಿನ ಹಲಗೆಗಳು ಸೂರಿನವರೆಗೆ ಏರಿದ್ದವು. ನಡುವೆ ಶುಕೂರ್ ನಮಾಜಿನ ಬಿಳಿ ಟೋಪಿಯಲ್ಲೇ ಗರಗಸ ಹಿಡಿದು, ಕೊನೆಗೂ ಸಿಕ್ಕಿದ ಟೇಪಿನಿಂದ ಮಣೆಯ ಅಳತೆ ಹಾಕುತ್ತಿದ್ದ.

"ಸಮದ್ ಭಾಯ್, ಗಾಡಿ ಇಲ್ಲೇ ಇರ್ಲಿ, ಇನ್ನೊಂದು ಲೋಡು ಹಲಗೆ ತರ್ಬೇಕು," ಎಂದ.

ಟ್ರಂಕು ಹೊತ್ತವರು ಮುಖ ಮುಖ ನೋಡಿಕೊಂಡರು. ಚಿಕ್ಕಲಕ್ಷ್ಮಮ್ಮ ಎರಡು ಲೋಟ ಮಜ್ಜಿಗೆ ಹಿಡಿದು ಆಗಲೇ ಅವರ ಹಿಂದೆ ನಿಂತಿದ್ದಳು. "ಕುಡೀರಪ್ಪ ಮೊದ್ಲು. ಆಮ್ಯಾಕೆ ವಾಸ್ನೆ ಐತಾ ಇಲ್ವಾ ಹೇಳಿ." ಅವರು ಕುಡಿದರು. ಇನ್ನೊಂದು ಲೋಟ ಕೇಳಿದರು. ಟ್ರಂಕುಗಳು ಓಣಿ ದಾಟಿ ಅವಳ ಮೆಟ್ಟಿಲು ಹತ್ತಿದವು.

ಖುರ್ಷಿದಾ ಲೇತಿನ ಮುಂದೆ ಕೂತು ಮೋಟಾರು ಹಾಕಿದಳು. ಬಿಳಿ ಸುರುಳಿಗಳು ಮಡಿಲಿಗೆ ಬೀಳತೊಡಗಿದವು. ಅರಗಿನ ಕೆಂಪು ಕಡ್ಡಿ ಒತ್ತುವಾಗ ಎದುರಿನಿಂದ ಗರಗಸದ ಸದ್ದು ನಿಂತದ್ದು ಅವಳಿಗೆ ತಿಳಿಯಿತು. ತಲೆ ಎತ್ತದೆ, ಕೈ ಅಲುಗಿಸದೆ, ಕೇಳಿದಳು:

"ಏನು ನೋಡ್ತಾ ಇದೀರಿ ಅಜೀ? ಅರವತ್ತು ಮಣೆ ಐತೆ."

"ಬುಗುರಿ," ಎಂದ ಶುಕೂರ್.

ಅವನು ಈ ಸಲ ಹೇಳಿದ್ದು ಶುದ್ಧ ಸುಳ್ಳು. ಅವಳ ಭುಜ ಆಗಲೇ ಕುಲುಕತೊಡಗಿತ್ತು.